ಥೈರಾಯ್ಡ್ ಕೊರತೆಗೆ ಹಾರ್ಮೋನ್ ಚಿಕಿತ್ಸೆ: ನೈಸರ್ಗಿಕ ಮತ್ತು ಸಂಶ್ಲೇಷಿತ

ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳಕ್ಕೆ ಅಂಟಿಕೊಂಡಿರುವ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನ್ ಸ್ರವಿಸದಿದ್ದಾಗ ಅದನ್ನು ಹೊರಗಿನಿಂದ ತುಂಬಿಕೊಡುವ ಚಿಕಿತ್ಸೆ. ಇದಕ್ಕೆ ಎರಡು ಬಗೆಯ ಔಷಧಗಳಿವೆ. ಹಂದಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ ಪುಡಿಮಾಡಿ ಕಟ್ಟಿದ ಗುಳಿಗೆ ಒಂದು. ಪಶ್ಚಿಮ ದೇಶಗಳಲ್ಲಿ ನೈಸರ್ಗಿಕ ಎಂದು ಹೆಸರಾದದ್ದು ಇದು. ಕಾರ್ಖಾನೆಯಲ್ಲಿ ತಯಾರಾಗುವ ಲೀವೊಥೈರಾಕ್ಸಿನ್ ಇನ್ನೊಂದು. ಭಾರತದಲ್ಲಿ ವೈದ್ಯರು ಬರೆದುಕೊಡುವುದು ಎರಡನೆಯದನ್ನೇ. ಎಲ್ಟ್ರಾಕ್ಸಿನ್, ಥೈರೊನಾರ್ಮ್, ಥೈರಾಕ್ಸ್ ಮೊದಲಾದ ಹೆಸರುಗಳಲ್ಲಿ ಸಿಗುವ ಈ ಔಷಧ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ.

ಗ್ರಂಥಿ ಮುಖ್ಯವಾಗಿ ಸ್ರವಿಸುವುದು ಥೈರಾಕ್ಸಿನ್ ಅನ್ನು. ಇದರ ಪ್ರತಿ ಅಣುವಿನಲ್ಲಿ ನಾಲ್ಕು ಅಯೊಡಿನ್ ಪರಮಾಣುಗಳಿರುವುದರಿಂದ ಇದಕ್ಕೆ ಟಿ4 ಎನ್ನುತ್ತಾರೆ. ಯಕೃತ್ತು, ಮೂತ್ರಪಿಂಡ, ಮಿದುಳು ಇತ್ಯಾದಿ ಅಂಗಾಂಶಗಳು ಒಂದು ಅಯೊಡಿನ್ ಪರಮಾಣುವನ್ನು ಕಳಚಿ, ಹೆಚ್ಚು ಚುರುಕಾದ ಟಿ3 ಹಾರ್ಮೋನನ್ನು ತಮಗೆ ಬೇಕಾದಷ್ಟು ಮಾಡಿಕೊಳ್ಳುತ್ತವೆ. ಹಾರ್ಮೋನ್ ಕಡಿಮೆಯಾದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಚೋದಕವನ್ನು ಹೆಚ್ಚು ಹೆಚ್ಚು ಸುರಿಸುತ್ತದೆ. ರಕ್ತಪರೀಕ್ಷೆಯಲ್ಲಿ ಮೊದಲು ನೋಡುವುದು ಈ ಅಂಕಿಯನ್ನೇ.

ಸುಸ್ತು, ಮಲಬದ್ಧತೆ, ಒಣ ಚರ್ಮ, ಕೂದಲುದುರುವಿಕೆ, ಮುಟ್ಟಿನ ಏರುಪೇರು, ಚಳಿ ತಡೆಯಲಾಗದಿರುವುದು ಕೊರತೆಯ ಲಕ್ಷಣಗಳು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರು ಸೀಮೆಯಲ್ಲಿ ಚಳಿಯ ದೂರು ಯಾರ ಗಮನಕ್ಕೂ ಬರುವುದಿಲ್ಲ. ಸುಸ್ತನ್ನು ಹೊಲದ ದುಡಿಮೆಯ ಇಲ್ಲವೇ ರಕ್ತಹೀನತೆಯ ಲೆಕ್ಕಕ್ಕೆ ಬರೆದುಬಿಡುವುದು ಸುಲಭ. ಬೆಂಗಳೂರು, ಹೈದರಾಬಾದ್ ಸೇರಿದಂತೆ ಎಂಟು ಮಹಾನಗರಗಳ 5,376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ 11ರಷ್ಟು ಮಂದಿಗೆ ಈ ಕೊರತೆ ಕಂಡುಬಂದಿತ್ತು. ಅದು ನಗರಗಳ ಲೆಕ್ಕ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರಿನಂಥ ಹೋಬಳಿ ಊರಿಗೆ ಅದೇ ಅಂಕಿಯನ್ನು ಅಂಟಿಸಲಾಗದು. ಆದರೂ ‘ಥೈರಾಯ್ಡ್ ಆಗ್ಯಾದ’ ಎಂಬ ಮಾತು ಇವತ್ತು ಹಳ್ಳಿಗೂ ಹೊಸದಲ್ಲ.

ಚಿಕಿತ್ಸೆಯ ಚರಿತ್ರೆ ಶುರುವಾಗುವುದು ಪ್ರಾಣಿಜನ್ಯ ಔಷಧದಿಂದ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ, ಮೈ ಊದಿ ಮಂಕಾಗಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡ್ ರಸವನ್ನು ಚರ್ಮದಡಿ ಚುಚ್ಚಿದ. ಆಕೆ ಚೇತರಿಸಿಕೊಂಡು 1919ರವರೆಗೆ, 74ನೆಯ ವಯಸ್ಸಿನ ತನಕ ಬದುಕಿದಳು. ಅಷ್ಟರಲ್ಲಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಆಕೆಗೆ ಔಷಧವಾಗಿದ್ದವು. ಮರುವರ್ಷವೇ, ಗ್ರಂಥಿಯನ್ನು ಬಾಯಿಯ ಮೂಲಕ ಕೊಟ್ಟರೂ ಗುಣ ಕಾಣುತ್ತದೆಂದು ಬೇರೆ ವೈದ್ಯರು ತೋರಿಸಿದರು. 1914ರ ಕ್ರಿಸ್ಮಸ್ ದಿನ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಲ್ ಥೈರಾಕ್ಸಿನ್ನಿನ ಹರಳುಗಳನ್ನು ಬೇರ್ಪಡಿಸಿದ. ಮುಂದೆ ಆತ ಸುಮಾರು ಮೂರು ಟನ್ ಹಂದಿ ಗ್ರಂಥಿಗಳನ್ನು ಸಂಸ್ಕರಿಸಿದಾಗ ಕೈಗೆ ಬಂದದ್ದು 33 ಗ್ರಾಂ. ಆತ ಊಹಿಸಿದ ಅಣುರಚನೆ ತಪ್ಪಾಗಿತ್ತು. ಅದನ್ನು 1926ರಲ್ಲಿ ಸರಿಪಡಿಸಿದವನು ಚಾರ್ಲ್ಸ್ ಹ್ಯಾರಿಂಗ್‌ಟನ್. ಮರುವರ್ಷ ಆತ ಜಾರ್ಜ್ ಬಾರ್ಜರ್ ಜೊತೆ ಸೇರಿ ಪ್ರಯೋಗಾಲಯದಲ್ಲೇ ಥೈರಾಕ್ಸಿನ್ ತಯಾರಿಸಿದ. ಆದರೆ ಅದು ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುತ್ತಿರಲಿಲ್ಲ, ಬೆಲೆಯೂ ಜಾಸ್ತಿ. 1949ರಲ್ಲಿ ಸೋಡಿಯಂ ಲವಣದ ರೂಪ ಬಂದ ಮೇಲೆ ಹಾದಿ ಸುಗಮವಾಯಿತು. 1952ರಲ್ಲಿ ಜಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ ಟಿ3ಯನ್ನು ಪತ್ತೆಮಾಡಿದರು. ಥೈರಾಯ್ಡ್ ಕೆಲಸವನ್ನೇ ಮಾಡದವರ ದೇಹವೂ ಟಿ4 ಗುಳಿಗೆಯಿಂದ ಟಿ3 ಮಾಡಿಕೊಳ್ಳುತ್ತದೆಂದು 1970ರಲ್ಲಿ ಖಚಿತವಾದಾಗ ಒಣಗ್ರಂಥಿಯ ಅಗತ್ಯವೇ ಬಹುಮಟ್ಟಿಗೆ ಕಳೆದುಹೋಯಿತು.

ಲೀವೊಥೈರಾಕ್ಸಿನ್‌ಗೂ ಮನುಷ್ಯನ ಗ್ರಂಥಿ ಸ್ರವಿಸುವ ಟಿ4ಗೂ ರಚನೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ‘ಸಂಶ್ಲೇಷಿತ’ ಎಂಬ ವಿಶೇಷಣ ಹೇಳುವುದು ಅದು ಎಲ್ಲಿ ತಯಾರಾಯಿತು ಎಂಬುದನ್ನಷ್ಟೇ. ಹಂದಿಯ ಗ್ರಂಥಿಯ ಸಂಗತಿ ಬೇರೆ. 60 ಮಿಲಿಗ್ರಾಂ ಒಣಗ್ರಂಥಿಯ ಗುಳಿಗೆಯಲ್ಲಿ 38 ಮೈಕ್ರೊಗ್ರಾಂ ಟಿ4, 9 ಮೈಕ್ರೊಗ್ರಾಂ ಟಿ3 ಇರುತ್ತದೆ. ಅಂದರೆ ಒಂದು ಪಾಲು ಟಿ3ಗೆ ಸುಮಾರು ನಾಲ್ಕು ಪಾಲು ಟಿ4. ಮನುಷ್ಯನ ಗ್ರಂಥಿಯಲ್ಲಿ ಈ ಪ್ರಮಾಣ ಒಂದಕ್ಕೆ ಸುಮಾರು ಹದಿನಾಲ್ಕು. ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಒಂದು ವಾರ ಹಿಡಿದರೆ ಟಿ3ಗೆ ಒಂದು ದಿನ ಸಾಕು. ಹಾಗಾಗಿ ಒಣಗ್ರಂಥಿ ನುಂಗಿದ ಕೆಲವು ಗಂಟೆಗಳಲ್ಲಿ ಟಿ3 ಮಟ್ಟ ಏರಿ, ಮತ್ತೆ ಇಳಿಯುತ್ತದೆ. ವಯಸ್ಸಾದವರಿಗೂ ಹೃದ್ರೋಗಿಗಳಿಗೂ ಈ ಏರಿಳಿತ ಒಳ್ಳೆಯದಲ್ಲ. ಅಮೆರಿಕದಲ್ಲಿ ಒಣಗ್ರಂಥಿ ಇನ್ನೂ ಬಳಕೆಯಲ್ಲಿದೆಯಾದರೂ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ವಿಧ್ಯುಕ್ತ ಅನುಮೋದನೆ ಅದಕ್ಕೆ ಸಿಕ್ಕಿದ್ದಿಲ್ಲ. 2020ರಲ್ಲಿ ಸತ್ವ ಹೆಚ್ಚುಕಡಿಮೆ ಇದ್ದ ತಯಾರಿಕೆಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು.

ಒಣಗ್ರಂಥಿಯ ಪರ ವಾದಿಸುವವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಟಿಎಸ್‌ಎಚ್ ಸರಿಹೋದ ಮೇಲೂ ಸುಸ್ತು, ಮರೆವು ಹೋಗದ ರೋಗಿಗಳಿದ್ದಾರೆ. ಅಮೆರಿಕದಲ್ಲಿ 70 ಮಂದಿಗೆ ಎರಡೂ ಔಷಧಗಳನ್ನು ತಲಾ 16 ವಾರ, ಯಾವುದು ಯಾವುದೆಂದು ತಿಳಿಸದೆ ಕೊಟ್ಟ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಲಕ್ಷಣಗಳ ಅಳತೆಯಲ್ಲಾಗಲೀ ನೆನಪಿನ ಪರೀಕ್ಷೆಯಲ್ಲಾಗಲೀ ಗಣನೀಯ ಅಂತರ ಕಾಣಲಿಲ್ಲ. ಆದರೂ 34 ಮಂದಿ ಒಣಗ್ರಂಥಿಯನ್ನು ಮೆಚ್ಚಿದರು, 13 ಮಂದಿ ಲೀವೊಥೈರಾಕ್ಸಿನನ್ನು, ಉಳಿದವರಿಗೆ ಎರಡೂ ಒಂದೇ. ಸುಸ್ತು, ಮರೆವು ಹೋಗದವರಿಗೆ ಟಿ4 ಜೊತೆ ಸ್ವಲ್ಪ ಸಂಶ್ಲೇಷಿತ ಟಿ3 ಸೇರಿಸಿ ನೋಡುವ ಮಾರ್ಗವೂ ಇದೆ. ಹಂದಿಯ ಔಷಧಕ್ಕಿಂತ ಅದರಲ್ಲಿ ಅಳತೆ ಹೆಚ್ಚು ಹಿಡಿತದಲ್ಲಿರುತ್ತದೆ.

ಗಬ್ಬೂರಿನ ಕಡೆಗೆ ಬಂದರೆ ಈ ಚರ್ಚೆಯ ಸ್ವರೂಪವೇ ಬದಲಾಗುತ್ತದೆ. ಮಾಂಸ ಮುಟ್ಟದ ಲಿಂಗಾಯತರಿಗೂ ಹಂದಿ ನಿಷಿದ್ಧವಾದ ಮುಸಲ್ಮಾನರಿಗೂ ಒಣಗ್ರಂಥಿ ಒಗ್ಗುವ ಮಾತಲ್ಲ. ಇಲ್ಲಿ ‘ನೈಸರ್ಗಿಕ’ವೆಂದರೆ ನಾಟಿ ಔಷಧ, ಕಷಾಯ, ಆಯುರ್ವೇದದ ಕಾಂಚನಾರ ಗುಗ್ಗುಳು. ಮಂದಾರ ಜಾತಿಯ ಮರದ ತೊಗಟೆ, ಗುಗ್ಗುಳದ ಅಂಟು, ತ್ರಿಫಲ, ತ್ರಿಕಟು ಬೆರೆಸಿದ ಈ ಯೋಗವನ್ನು ಶಾರ್ಙ್ಗಧರ ಸಂಹಿತೆ ಗಂಡಮಾಲೆಗೆ, ಅಂದರೆ ಕತ್ತಿನ ಗಂಟುಗಳಿಗೆ ಹೇಳುತ್ತದೆ. ಅದರಲ್ಲಿ ಥೈರಾಯ್ಡ್ ಹಾರ್ಮೋನ್ ಇಲ್ಲ. ಗ್ರಂಥಿ ಪೂರಾ ಸೊರಗಿದವರಿಗೆ ಅದು ಗುಳಿಗೆಯ ಬದಲಿಯಾಗಲಾರದು.

ಆದರೂ ಗುಣ ಕಂಡಿತೆನ್ನುವವರು ಇರುತ್ತಾರೆ, ಅವರು ಸುಳ್ಳು ಹೇಳುತ್ತಿರುವುದಿಲ್ಲ. ಗುಳಿಗೆ ಬಿಟ್ಟು ಕಷಾಯ ಹಿಡಿದ ಮೊದಲ ವಾರಗಳಲ್ಲಿ ಹಳೆಯ ಟಿ4 ರಕ್ತದಲ್ಲಿ ಉಳಿದೇ ಇರುತ್ತದೆ. ನೆಮ್ಮದಿಯ ಕೀರ್ತಿ ಮಾತ್ರ ಕಷಾಯಕ್ಕೆ ಸಲ್ಲುತ್ತದೆ. ಟಿಎಸ್‌ಎಚ್ ಸ್ವಲ್ಪವೇ ಏರಿದ ಅನೇಕರಲ್ಲಿ ಅದು ಯಾವ ಔಷಧವೂ ಇಲ್ಲದೆ ಕೆಳಗಿಳಿಯುವುದೂ ಉಂಟು. ತೀವ್ರ ಕೊರತೆಯಿದ್ದವರು ತಿಂಗಳುಗಟ್ಟಲೆ ಗುಳಿಗೆ ನಿಲ್ಲಿಸಿದರೆ ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವ ಅಪಾಯದವರೆಗೂ ಹೋಗಬಹುದು.

ಊಟದ ಬಗೆಗೂ ಒಂದು ಅಂಜಿಕೆ ಇದೆ. ಸಜ್ಜೆಯಲ್ಲಿರುವ ಕೆಲವು ಫ್ಲೇವೊನ್ ಸಂಯುಕ್ತಗಳು ಗ್ರಂಥಿಯ ಕೆಲಸಕ್ಕೆ ಅಡ್ಡಿಯಾಗುತ್ತವೆಂದು ಸುಡಾನಿನ ಗಳಗಂಡ ಪೀಡಿತ ಪ್ರದೇಶದ ಸಜ್ಜೆಯ ಮೇಲೆ ನಡೆದ ಸಂಶೋಧನೆ 1989ರಲ್ಲಿ ತೋರಿಸಿತು. ಅದು ಅಯೊಡಿನ್ ಕೊರತೆಯ, ಸಜ್ಜೆಯೇ ಮೂರು ಹೊತ್ತಿನ ಊಟವಾದ ಕಡೆಯ ಮಾತು. ಅಯೊಡಿನ್ ಉಪ್ಪು ತಿನ್ನುವ, ಜೋಳದ ರೊಟ್ಟಿಯ ನಡುವೆ ಆಗೀಗ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸವಿಯುವ ರಾಯಚೂರಿನವರು ಅದನ್ನು ಬಿಡಬೇಕಾಗಿಲ್ಲ.

ನಿಜವಾಗಿ ತೊಡಕಾಗುವುದು ಗುಳಿಗೆ ನುಂಗುವ ಹೊತ್ತು. ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನೊಂದಿಗೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆ ಬಿಟ್ಟು ಚಹಾ, ತಿಂಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಸರ್ಕಾರಿ ಆಸ್ಪತ್ರೆ ಗರ್ಭಿಣಿಯರಿಗೆ ಕೊಡುವುದು ಇವೆರಡನ್ನೇ. ಮೂರನ್ನೂ ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಹೀರಿಕೆಯೇ ಕುಗ್ಗುತ್ತದೆ. ನಸುಕಿನಲ್ಲೇ ಹತ್ತಿ ಬಿಡಿಸಲು ಹೊರಡುವವರೂ ರಂಜಾನ್ ಉಪವಾಸ ಇರುವವರೂ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬಹುದು. ಬಿಸಿಲು, ತೇವ, ಬೆಳಕಿಗೆ ಗುಳಿಗೆಯ ಸತ್ವ ಕುಂದುತ್ತದೆ. ತಗಡಿನ ಮನೆಯ ಕಿಟಕಿ, ಒಲೆಯ ಪಕ್ಕದ ಗೂಡು ಅದಕ್ಕೆ ತಕ್ಕ ಜಾಗವಲ್ಲ. ಪ್ರಮಾಣ ಬದಲಿಸಿದರೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡಬೇಕು, ಅದಕ್ಕಿಂತ ಮೊದಲಿನ ಅಂಕಿ ದಾರಿ ತಪ್ಪಿಸುತ್ತದೆ.

ಬಸಿರಿನಲ್ಲಿ ಒಣಗ್ರಂಥಿ ಸಲ್ಲದು. ಭ್ರೂಣದ ಮಿದುಳು ಬೆಳೆಯಲು ತಾಯಿಯ ಟಿ4 ಬೇಕು. ಒಣಗ್ರಂಥಿಯಲ್ಲಿರುವ ಹೆಚ್ಚುವರಿ ಟಿ3 ಟಿ4ರ ಕೊರತೆಯನ್ನು ತುಂಬುವುದಿಲ್ಲ. ಮೊದಲೇ ಗುಳಿಗೆ ತೆಗೆದುಕೊಳ್ಳುತ್ತಿರುವವರಿಗೆ ಗರ್ಭ ನಿಂತದ್ದು ತಿಳಿದ ಕೂಡಲೇ ಲೀವೊಥೈರಾಕ್ಸಿನ್ ಪ್ರಮಾಣವನ್ನು ವೈದ್ಯರು ಸುಮಾರು ಶೇ 25ರಿಂದ 30ರಷ್ಟು ಏರಿಸುತ್ತಾರೆ, ಹೆರಿಗೆಯಾದ ಮೇಲೆ ಹಿಂದಿನ ಪ್ರಮಾಣಕ್ಕೆ ಇಳಿಸುತ್ತಾರೆ.