ಕರೆಯದೆ ಬಂದದ್ದು: ‘ಸ್ಪ್ಯಾಮ್’ ಪದದ ಕಥೆ

ಕಳೆದ ಮಳೆಗಾಲದಲ್ಲಿ ನಮ್ಮ ಡೊಂಬಿವಲಿಯ ಕನ್ನಡ ಬಳಗದ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮರುದಿನ ಸಂಜೆ. ಸಂದೇಶವೇನೋ ಹಿಂದಿನ ದಿನವೇ ಮೊಬೈಲಿಗೆ ಬಂದಿತ್ತು. ಸಾಲದ ಆಮಿಷ, ಫ್ಲ್ಯಾಟಿನ ಜಾಹೀರಾತು, ಶುಭೋದಯದ ಹೂಗಳ ನಡುವೆ ಹೂತುಹೋಗಿತ್ತು. ಅವರ ಅಂತಿಮ ದರ್ಶನ ನನಗೆ ತಪ್ಪಿತು. ಇಂಥ ಅನಾಹೂತ ಸಂದೇಶಗಳಿಗೆ ಇಂಗ್ಲಿಷಿನಲ್ಲಿ ‘ಸ್ಪ್ಯಾಮ್’ ಎಂದು ಹೆಸರು. ಅದರ ಮೂಲವನ್ನು ಅರಸಿ ಹೊರಟರೆ ನಾವು ತಲುಪುವುದು ಒಂದು ಮಾಂಸದ ಡಬ್ಬಿಗೆ.

1937ರಲ್ಲಿ ಅಮೆರಿಕದ ಹಾರ್ಮೆಲ್ ಕಂಪನಿಯು ಡಬ್ಬಿಯಲ್ಲಿ ತುಂಬಿದ ಹಂದಿಮಾಂಸವನ್ನು ಈ ಹೆಸರಿನಿಂದ ಮಾರಾಟಕ್ಕೆ ತಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಆಹಾರಕ್ಕೆ ಪಡಿತರವಿದ್ದ ಬ್ರಿಟನ್ನಿನಲ್ಲಿ ಅದು ಬೇಸರ ಹುಟ್ಟಿಸುವಷ್ಟು ಪರಿಚಿತವಾಯಿತು. 1970ರ ಡಿಸೆಂಬರಿನಲ್ಲಿ ಬಿಬಿಸಿಯಲ್ಲಿ ಪ್ರಸಾರವಾದ ಮಾಂಟಿ ಪೈಥಾನ್ ತಂಡದ ಪ್ರಹಸನವೊಂದು ಆ ಬೇಸರವನ್ನೇ ನಗೆಯಾಗಿಸಿತು. ಅಲ್ಲಿನ ಹೋಟೆಲಿನಲ್ಲಿ ಹೆಚ್ಚುಕಡಿಮೆ ಎಲ್ಲ ತಿನಿಸಿನಲ್ಲೂ ಸ್ಪ್ಯಾಮ್. ಪಕ್ಕದಲ್ಲಿ ಕುಳಿತ ವೈಕಿಂಗರ ಗುಂಪು ಆ ಒಂದು ಹೆಸರನ್ನೇ ಮತ್ತೆ ಮತ್ತೆ ಹಾಡತೊಡಗಿದರೆ ಉಳಿದವರ ಮಾತು ಕೇಳಿಸದು.

ವಸ್ತುವಿಗೆ ಈ ಹೆಸರು ಅಂಟಿದ್ದು ತಡವಾಗಿ. 1978ರ ಮೇ ತಿಂಗಳಲ್ಲಿ ಗ್ಯಾರಿ ಥುಯರ್ಕ್ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟಗಾರ, ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್ಟಿನ ಸುಮಾರು 400 ಮಂದಿಗೆ ಜಾಹೀರಾತನ್ನು ಕಳುಹಿಸಿದನು. ಆಗ ಅದಕ್ಕೆ ಈ ಹೆಸರಿರಲಿಲ್ಲ. 1994ರ ಏಪ್ರಿಲಿನಲ್ಲಿ ಅರಿಜೋನಾದ ವಕೀಲ ದಂಪತಿಗಳು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ಟಿನ ಸಾವಿರಾರು ಚರ್ಚಾಗುಂಪುಗಳಿಗೆ ಸುರಿದರು. ಅಷ್ಟರಲ್ಲಿ ಜಾಲಿಗರ ಬಾಯಲ್ಲಿದ್ದ ಪದವು ಆ ಪ್ರಕರಣದಿಂದ ಲೋಕಕ್ಕೆಲ್ಲ ಪರಿಚಿತವಾಯಿತು.

ಈ ಇತಿಹಾಸದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕರೆಯದೆ ಬರುವುದೇ ದೋಷವಾಗಿದ್ದರೆ ನಮ್ಮ ‘ಅತಿಥಿ’ಯೂ ದೋಷಿಯೇ, ತಿಥಿಯನ್ನು ಗೊತ್ತುಮಾಡದೆ ಬರುವವನು ಎಂದಲ್ಲವೇ ಸಂಪ್ರದಾಯವು ಆ ಪದಕ್ಕೆ ಹೇಳುವ ಅರ್ಥ? ಅವನಿಗೆ ನಾವು ಮಣೆ ಹಾಕಿದೆವು. ಅತಿಥಿಯು ಒಬ್ಬನಾಗಿ ಬರುತ್ತಾನೆ, ಮನೆಯವರ ಮಾತಿಗೆ ಕಿವಿಗೊಡುತ್ತಾನೆ. ವೈಕಿಂಗರ ಹಾಡಾದರೋ ಮನೆಯವರ ಮಾತನ್ನೇ ಮುಳುಗಿಸುತ್ತದೆ. ಪದದೊಳಗಿನ ದೂರು ಇರುವುದು ಈ ಮುಳುಗಿಸುವಿಕೆಯ ಮೇಲೆ.

ಜಾಹೀರಾತಿನ ಕರೆಗಳನ್ನು ತಡೆಯಲು 1909 ಸಂಖ್ಯೆಯಿದೆ. ಬಳಗದ ಗುಂಪಿಗೆ ನಾವೇ ಸುರಿಯುವ ಹೂಗಳನ್ನು ತಡೆಯಲು ಅಂಥ ಸಂಖ್ಯೆಯಿಲ್ಲ. ಊರಿನಿಂದ ದೂರವಿರುವ ನಮಗೆ ಆ ಗುಂಪೇ ಕಟ್ಟೆ, ಅದೇ ಜಗುಲಿ. ಅಂದು ಹಿರಿಯರ ಸುದ್ದಿಯ ಮೇಲೆ ಬಿದ್ದಿದ್ದ ಹೂಗಳಲ್ಲಿ ನಾನು ಕಳುಹಿಸಿದ್ದೂ ಒಂದಿತ್ತು.