ಅರೆತಲೆನೋವಿನ ಮೂಲ ಹುಡುಕುತ್ತ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಓಣಿಯಲ್ಲಿ ಮಾತಾಡಬೇಕೆಂದರೆ ದನಿ ಏರಿಸಲೇಬೇಕು. ಆ ಖಟಖಟ ಸದ್ದಿನಲ್ಲೇ ಹೆಣ್ಣುಮಕ್ಕಳು ಕಂಡಿಕೆ ಸುತ್ತುತ್ತಾರೆ, ಎಳೆ ಹರಿದಲ್ಲಿ ನೇಕಾರರು ಗಂಟು ಹಾಕುತ್ತಾರೆ. ಅವರಲ್ಲಿ ಯಾರಿಗಾದರೂ ‘ಅರ್ಧ ತಲಿ ಸಿಡಿಯಾಕತ್ತೈತಿ’ ಅನ್ನುವ ದಿನ ಬಂತೆಂದರೆ ಸದ್ದೂ ಬೇಡ, ಬೆಳಕೂ ಬೇಡ. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಸುಂಠಿ ತೇಯ್ದು ಹಚ್ಚಿ, ಕತ್ತಲಕೋಣೆಯಲ್ಲಿ ಮಲಗುತ್ತಾರೆ. ವಾಂತಿಯಾದ ಮೇಲೆ ತುಸು ಹಗುರಾಗುತ್ತದೆ. ಮರುದಿನ ಮತ್ತೆ ಕೆಲಸ. ಮುಧೋಳದ ಕಬ್ಬಿನ ಹೊಲದಲ್ಲಿ, ಜಮಖಂಡಿಯ ಕಚೇರಿಗಳಲ್ಲಿ, ಬೀಳಗಿಯ ಬಿಸಿಲಲ್ಲಿ ದುಡಿಯುವವರಿಗೂ ಈ ನೋವು ಹೊಸದಲ್ಲ. ಕಾರಣ ಕೇಳಿದರೆ ಒಬ್ಬರು ‘ಪಿತ್ತ ಏರೇತಿ’ ಅನ್ನುತ್ತಾರೆ, ಇನ್ನೊಬ್ಬರು ‘ನೆದರ ಆಗೇತಿ’ ಅನ್ನುತ್ತಾರೆ, ಮತ್ತೊಬ್ಬರು ಕಣ್ಣಿನ ನಂಬರ್ ಹೆಚ್ಚಾಗಿರಬೇಕೆಂದು ಚಷ್ಮಾ ಬದಲಿಸುತ್ತಾರೆ.

ಈ ಅರೆತಲೆನೋವು, ಅಂದರೆ ಮೈಗ್ರೇನ್, ಎಷ್ಟು ಜನರನ್ನು ಕಾಡುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ನಡೆದ ಗಟ್ಟಿ ಸಮೀಕ್ಷೆಯೊಂದಿದೆ. ನಿಮ್ಹಾನ್ಸ್‌ನ ಜಿ. ಗುರುರಾಜ್, ಗಿರೀಶ ಕುಲಕರ್ಣಿ, ಗಿರೀಶ್ ರಾವ್ ಮತ್ತು ಅವರ ವಿದೇಶಿ ಸಹೋದ್ಯೋಗಿಗಳು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 2,329 ವಯಸ್ಕರನ್ನು ಮನೆಮನೆಗೆ ಹೋಗಿ ವಿಚಾರಿಸಿದರು. ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರ ಪ್ರಮಾಣ ಶೇ. 25.2 ಎಂದು ಅವರ 2015ರ ವರದಿ ಹೇಳಿತು. ಜಗತ್ತಿನ ಅಂದಾಜು ಏಳರಲ್ಲಿ ಒಬ್ಬರಾದರೆ ಇಲ್ಲಿ ನಾಲ್ವರಲ್ಲಿ ಒಬ್ಬರು. ಹೆಣ್ಣುಮಕ್ಕಳಲ್ಲಿ ಗಂಡಸರಿಗಿಂತ ಹೆಚ್ಚು ಎಂಬುದು ನಿರೀಕ್ಷಿತವೇ. ಆದರೆ ಪೇಟೆಗಿಂತ ಹಳ್ಳಿಯಲ್ಲೇ ಹೆಚ್ಚು ಎಂಬ ಅಂಶ, ಇದು ಓದಿದವರ, ಕುರ್ಚಿಯ ಮೇಲೆ ಕೂತು ದುಡಿಯುವವರ ಕಾಯಿಲೆ ಎಂಬ ನಂಬಿಕೆಯನ್ನು ಅಲುಗಾಡಿಸಿತು. ಬಾಗಲಕೋಟೆ ಜಿಲ್ಲೆ ಆ ಸಮೀಕ್ಷೆಯಲ್ಲಿ ಇರಲಿಲ್ಲ. ಆದರೂ ಹೊಲ, ಗಾಣ, ಮಗ್ಗಗಳ ಈ ನಾಲ್ಕು ತಾಲ್ಲೂಕುಗಳಿಗೆ ಆ ಮಾತು ದೂರದ್ದೆನಿಸುವುದಿಲ್ಲ.

ನೋವನ್ನು ಗುರುತಿಸಿದ್ದು ಬಹಳ ಹಿಂದೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಅರ್ಧಾವಭೇದಕವೆಂಬ ಅರ್ಧತಲೆಯ ನೋವೂ ಇದೆ, ಸೂರ್ಯನೊಂದಿಗೆ ಏರಿ ಸೂರ್ಯನೊಂದಿಗೆ ಇಳಿಯುವ ಸೂರ್ಯಾವರ್ತವೂ ಇದೆ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಅರಿಟೇಯಸ್ ಕೂಡ ಬೆಳಕಿಗೆ ಹೆದರಿ ಕತ್ತಲನ್ನು ಹುಡುಕುವ ರೋಗಿಗಳನ್ನು ಬಣ್ಣಿಸಿದ್ದ. ಲಕ್ಷಣ ಎಲ್ಲರಿಗೂ ಕಂಡಿತ್ತು, ಕಾರಣ ಕಂಡಿರಲಿಲ್ಲ.

ಕಾರಣದ ಹುಡುಕಾಟ ಬಹುಕಾಲ ರಕ್ತನಾಳದ ಸುತ್ತಲೇ ತಿರುಗಿತು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತಲೆಯ ರಕ್ತನಾಳಗಳು ಉಬ್ಬುವುದೇ ಮೂಲವೆಂದ. 1938ರಲ್ಲಿ ಅಮೆರಿಕದ ಜಾನ್ ಗ್ರಹಾಂ ಮತ್ತು ಹೆರಾಲ್ಡ್ ವೋಲ್ಫ್ ರೋಗಿಗಳ ಕಪಾಲದ ನಾಡಿಬಡಿತ ಅಳೆಯುತ್ತ ಎರ್ಗೊಟಮೈನ್ ಎಂಬ ಔಷಧ ಕೊಟ್ಟರು. ಬಡಿತ ತಗ್ಗಿದಂತೆ ನೋವೂ ತಗ್ಗಿತು. ಪುರಾವೆ ಕೈಗೆ ಸಿಕ್ಕಿತೆಂದೇ ವೈದ್ಯಲೋಕ ನಂಬಿತು. ಹಣೆಗೆ ಬಟ್ಟೆ ಬಿಗಿಯುವ ನಮ್ಮ ಅಜ್ಜಿಯರಿಗೂ ಆ ಬಡಿತ ಬೆರಳಿಗೆ ಸಿಗುತ್ತಿತ್ತಲ್ಲ! ಆದರೆ ಮುಂದೆ ಎಂಆರ್‌ಐ ಚಿತ್ರಗಳಲ್ಲಿ ನೋವು ಜೋರಾಗಿರುವಾಗಲೂ ತಲೆಯ ಹೊರಗಿನ ರಕ್ತನಾಳ ಹೇಳಿಕೊಳ್ಳುವಷ್ಟು ಹಿಗ್ಗಿದ್ದು ಕಾಣಲಿಲ್ಲ.

ಇನ್ನೊಂದು ದಾರಿ ಕಣ್ಣಿನ ಮುಂದಿನ ಮಿಂಚಿನಿಂದ ಶುರುವಾಯಿತು. ಮೈಗ್ರೇನ್ ಇರುವ ಮೂರು-ನಾಲ್ಕು ಜನರಲ್ಲಿ ಒಬ್ಬರಿಗೆ ನೋವಿಗೆ ಮುಂಚೆ ಅಂಕುಡೊಂಕಾದ ಹೊಳೆಯುವ ಗೆರೆ ಕಾಣುತ್ತದೆ. ಅದು ನಿಧಾನವಾಗಿ ಹಿಗ್ಗುತ್ತ ಹೋಗಿ, ಹಿಂದೆ ಏನೂ ಕಾಣದ ಕುರುಡು ಜಾಗವನ್ನು ಬಿಡುತ್ತದೆ. ಇದಕ್ಕೆ ಔರಾ ಎನ್ನುತ್ತಾರೆ. 1870ರಲ್ಲಿ ಹ್ಯೂಬರ್ಟ್ ಏರಿ ತನಗೆ ಕಂಡ ಗೆರೆಗಳನ್ನು ಬಣ್ಣದಲ್ಲಿ ಚಿತ್ರಿಸಿದ. 1941ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತನ್ನ ಔರಾ ಹಿಗ್ಗುವ ವೇಗವನ್ನೇ ಲೆಕ್ಕ ಹಾಕಿ, ಮಿದುಳಿನ ಹಿಂಭಾಗದ ದೃಷ್ಟಿಪ್ರದೇಶದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸಾಗುತ್ತಿರಬೇಕೆಂದ. ಮೂರೇ ವರ್ಷಕ್ಕೆ, ಮೂರ್ಛೆರೋಗದ ಬೆನ್ನು ಹತ್ತಿದ್ದ ಬ್ರೆಜಿಲ್‌ನ ಅರಿಸ್ಟೀಡಿಸ್ ಲಿಯಾವ್ ಮೊಲದ ಮಿದುಳಿನ ಮೇಲೆ ಅಂಥದೇ ಅಲೆಯನ್ನು ಕಂಡ. ಕಬ್ಬು ಕಡಿದ ಮೇಲೆ ರವದಿಗೆ ಹಚ್ಚಿದ ಬೆಂಕಿ ಸಾಲಾಗಿ ಮುಂದಕ್ಕೆ ಸರಿಯುತ್ತ ಹಿಂದೆ ಬೂದಿ ಬಿಟ್ಟುಹೋಗುವಂತೆ, ನರಕೋಶಗಳು ಒಮ್ಮೆ ಉರಿದೆದ್ದು ಆಮೇಲೆ ಕೆಲ ನಿಮಿಷ ಸ್ತಬ್ಧವಾಗುತ್ತಿದ್ದವು. ಲ್ಯಾಶ್ಲಿ ಮತ್ತು ಲಿಯಾವ್ ಕಂಡದ್ದು ಒಂದನ್ನೇ ಎಂದು ಪೀಟರ್ ಮಿಲ್ನರ್ ಹೇಳಿದ್ದು 1958ರಲ್ಲಿ. ಮನುಷ್ಯರ ಮಿದುಳಿನಲ್ಲಿ ಔರಾ ನಡೆದಿರುವಾಗಲೇ ಅಂಥ ಅಲೆಯ ಗುರುತು ಸ್ಕ್ಯಾನ್‌ನಲ್ಲಿ ಸಿಕ್ಕಿದ್ದು 2001ರಲ್ಲಿ.

ಹಾಗಾದರೆ ನೋವು ಎಲ್ಲಿಂದ? ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ, ಅದರ ಹೊದಿಕೆಗೆ ಇದೆ. ಆ ಹೊದಿಕೆಗೂ ಅದರ ರಕ್ತನಾಳಗಳಿಗೂ ಮುಖದ ಟ್ರೈಜೆಮಿನಲ್ ನರ ಎಳೆಗಳನ್ನು ಕಳಿಸಿದೆ. ಈ ನರವೇ ಮೈಗ್ರೇನಿನ ನೋವಿನ ಹಾದಿ ಎಂದು ಅಮೆರಿಕದ ಮೈಕೆಲ್ ಮಾಸ್ಕೊವಿಟ್ಜ್ 1979ರ ಹೊತ್ತಿಗೆ ವಾದಿಸಿದರು. ನರ ಕೆರಳಿದಾಗ ಸಿಜಿಆರ್‌ಪಿ ಎಂಬ ಸಣ್ಣ ಪ್ರೋಟೀನು ಹೊರಬೀಳುತ್ತದೆ ಎಂಬುದನ್ನು ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್‌ಸನ್ ರೋಗಿಗಳ ಕುತ್ತಿಗೆಯ ರಕ್ತದಲ್ಲೇ ಅಳೆದು ತೋರಿಸಿದರು. ಡೆನ್ಮಾರ್ಕಿನ ಯೆಸ್ ಓಲೆಸನ್ ತಂಡ ಅದೇ ಪ್ರೋಟೀನನ್ನು ಮೈಗ್ರೇನ್ ಇರುವವರ ರಕ್ತನಾಳಕ್ಕೆ ಏರಿಸಿದಾಗ ತಲೆನೋವು ಬಂತು. ಈ ನಾಲ್ವರಿಗೂ 2021ರಲ್ಲಿ ಬ್ರೈನ್ ಪ್ರೈಜ್ ಸಂದಿತು. ಸಿಜಿಆರ್‌ಪಿಯ ಕೆಲಸವನ್ನು ತಡೆಯುವ ಎರೆನುಮ್ಯಾಬ್ ಎಂಬ ಚುಚ್ಚುಮದ್ದು 2018ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು.

ಮೂಲ ಇನ್ನೂ ಆಳದಲ್ಲಿರಬಹುದೆಂದು ಸೂಚಿಸಿದ್ದು ಜರ್ಮನಿಯ ಒಬ್ಬ ಮಹಿಳೆಯ ತಾಳ್ಮೆ. ಆಕೆ 30 ದಿನ ಬಿಡದೆ ದಿನಾ ಸ್ಕ್ಯಾನ್ ಮಾಡಿಸಿಕೊಂಡರು. ಆ ಅವಧಿಯಲ್ಲಿ ಮೂರು ಸಲ ಮೈಗ್ರೇನ್ ಬಂತು. ಪ್ರತಿ ಸಲವೂ ನೋವಿಗೆ ಒಂದು ದಿನ ಮುಂಚೆಯೇ ಆಕೆಯ ಹೈಪೊಥಲಾಮಸ್ ಬೇರೆ ಥರ ವರ್ತಿಸುತ್ತಿತ್ತೆಂದು ಲಾರಾ ಶುಲ್ಟೆ ಮತ್ತು ಆರ್ನೆ ಮೇ 2016ರಲ್ಲಿ ಬರೆದರು. ನಿದ್ದೆ, ಹಸಿವು, ಬಾಯಾರಿಕೆಗಳನ್ನು ನಡೆಸುವ ಭಾಗ ಅದು. ನೋವಿನ ಹಿಂದಿನ ದಿನ ಕೆಲವರಿಗೆ ಆಕಳಿಕೆ ಮೇಲೆ ಆಕಳಿಕೆ ಬರುವುದು, ಸಿಹಿ ತಿನ್ನಬೇಕೆನಿಸುವುದು, ಕಾರಣವಿಲ್ಲದೆ ಸಿಟ್ಟು ಬರುವುದು ಇದರಿಂದ ಅರ್ಥವಾಗುತ್ತದೆ. ಬೆಲ್ಲದ ನಾಡಿನಲ್ಲಿ ಈ ಮಾತಿಗೆ ವಿಶೇಷ ಬೆಲೆಯಿದೆ. ಗಾಣದ ಹೊಸ ಬೆಲ್ಲ ತಿಂದದ್ದಕ್ಕೇ ತಲೆ ಹಿಡಿಯಿತೆಂದು ದೂರುವವರಲ್ಲಿ ಕೆಲವರಿಗಾದರೂ ಬೆಲ್ಲದ ಆಸೆ ಹುಟ್ಟಿದ್ದೇ ಮೈಗ್ರೇನ್ ಆಗಲೇ ಶುರುವಾಗಿದ್ದರಿಂದ. ಅಪವಾದ ಹೊತ್ತ ಎಷ್ಟೋ ತಿನಿಸುಗಳ ಕಥೆ ಇದೇ ಇರಬಹುದು.

ಕಾರಣ ಬೇರೆ, ಕೆರಳಿಸುವುದು ಬೇರೆ. ಕಾರಣದ ದೊಡ್ಡ ಪಾಲು ಹುಟ್ಟಿನಲ್ಲೇ ಇದೆ. 2022ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮೈಗ್ರೇನ್ ರೋಗಿಗಳ ವಂಶವಾಹಿ ಜಾಲಾಡಿದಾಗ ಅದಕ್ಕೆ ನಂಟಿರುವ 123 ತಾಣಗಳು ಸಿಕ್ಕವು. ತಾಯಿಗಿದ್ದದ್ದು ಮಗಳಿಗೂ ಬರುವುದು ಶಾಪವಲ್ಲ. ಮುಟ್ಟಿನ ಹೊತ್ತಿಗೆ ಈಸ್ಟ್ರೋಜನ್ ಥಟ್ಟನೆ ಇಳಿಯುವುದು ಹೆಣ್ಣುಮಕ್ಕಳ ನೋವನ್ನು ಕೆರಳಿಸುವ ಒಂದು ಮುಖ್ಯ ಸಂಗತಿ. ಕೆರಳಿಸುವ ಉಳಿದ ಸಂಗತಿಗಳು ಊರಿಂದ ಊರಿಗೆ ಬದಲಾಗುತ್ತವೆ. ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ಉಪವಾಸದ ಹಸಿವು, ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ರಾತ್ರಿಪಾಳಿ, ವೈಶಾಖದ ಬಿಸಿಲು, ಮಗ್ಗದ ಸದ್ದು. ಪಾಶ್ಚಾತ್ಯ ಪುಸ್ತಕಗಳಲ್ಲಿಲ್ಲದ ಒಂದನ್ನು ಮುಂಬೈನ ತಜ್ಞ ಕೆ. ರವಿಶಂಕರ್ 2006ರಲ್ಲಿ ದಾಖಲಿಸಿದರು: ತಲೆಸ್ನಾನ. ಅದರಿಂದ ಮೈಗ್ರೇನ್ ಕೆರಳುವ 94 ಭಾರತೀಯ ರೋಗಿಗಳ ಬಗ್ಗೆ ಅವರು ಬರೆದರು. ‘ತಲಿ ಎರಕೊಂಡ ದಿನಾ ತಲಿನೋವು ಗ್ಯಾರಂಟಿ’ ಎಂದು ಉದ್ದಕೂದಲಿನ ಹೆಣ್ಣುಮಕ್ಕಳು ಹೇಳುತ್ತಿದ್ದ ಮಾತು ವೈದ್ಯಕೀಯ ಪತ್ರಿಕೆಗೆ ಬರಲು ಅಷ್ಟು ಕಾಲ ಬೇಕಾಯಿತು.

ವಿಜ್ಞಾನ ಇಷ್ಟು ದೂರ ಬಂದಿದ್ದರೂ ಜಮಖಂಡಿ ಸೀಮೆಯ ರೋಗಿಯ ದಾರಿ ಸುತ್ತುಬಳಸಿನದು. ಮೊದಲು ಕಿರಾಣಿ ಅಂಗಡಿಯ ಗುಳಗಿ, ಆಮೇಲೆ ಕಣ್ಣಿನ ಡಾಕ್ಟರು, ಕೊನೆಗೆ ‘ಮಿರಜಕ್ಕ ಹೋಗಿ ತಲಿ ಸ್ಕ್ಯಾನಿಂಗ್’. ಸ್ಕ್ಯಾನ್ ನಾರ್ಮಲ್ ಬರುತ್ತದೆ, ಏಕೆಂದರೆ ಮೈಗ್ರೇನ್ ಸಾಮಾನ್ಯ ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆಯಲ್ಲ. ಮನೆಗೆ ಬಂದಾಗ ‘ಏನೂ ಇಲ್ಲಂತ, ಸುಮ್ಮನ ನಾಟಕ’ ಎಂಬ ಮಾತನ್ನು ಸೊಸೆ ಕೇಳಬೇಕಾಗುತ್ತದೆ. ಈ ಮಾತು ನೋವಿಗಿಂತ ಕ್ರೂರ. ರೋಗ ಗುರುತಿಸಲು ಬೇಕಾದದ್ದು ಯಂತ್ರವಲ್ಲ, ಸಮಾಧಾನದಿಂದ ಕೇಳುವ ಡಾಕ್ಟರು. ನೋವು 4ರಿಂದ 72 ತಾಸು ಇರುತ್ತದೆಯೇ, ಒಂದೇ ಬದಿ ಮಿಡಿಯುತ್ತದೆಯೇ, ನಡೆದಾಡಿದರೆ ಹೆಚ್ಚುತ್ತದೆಯೇ, ಹೊಟ್ಟೆ ತೊಳಸುತ್ತದೆಯೇ, ಬೆಳಕು-ಸದ್ದು ಸಹಿಸಲಾಗುವುದಿಲ್ಲವೇ ಎಂದು ವಿಚಾರಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲೇ ತಿಳಿಯುತ್ತದೆ.

ಗುಳಗಿಯ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ಸಾದಾ ನೋವಿನ ಗುಳಗಿಯನ್ನು ತಿಂಗಳಲ್ಲಿ 15 ದಿನ, ಕೆಫೀನ್ ಬೆರೆಸಿದಂಥವನ್ನು 10 ದಿನ ನುಂಗುತ್ತ ಮೂರು ತಿಂಗಳು ದಾಟಿದರೆ ಗುಳಗಿಯೇ ದಿನನಿತ್ಯದ ತಲೆನೋವು ತರುತ್ತದೆ. ಅಷ್ಟು ಸಲ ನೋವು ಬರುವವರಿಗೆ ಬೇಕಾದದ್ದು ನೋವು ಬಾರದಂತೆ ತಡೆಯುವ ಔಷಧ. ಹೊಸ ಚುಚ್ಚುಮದ್ದು ಬಡವರ ಕೈಗೆ ಎಟುಕದಿದ್ದರೂ ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಫ್ಲುನರಿಜಿನ್‌ನಂಥ ಹಳೆಯ, ಅಗ್ಗದ ಗುಳಗಿಗಳಿವೆ. ಪ್ರೊಪ್ರನಲಾಲ್ ಸಿಕ್ಕಿದ್ದೂ ಆಕಸ್ಮಿಕವಾಗಿಯೇ: ಎದೆನೋವಿಗೆಂದು ಅದನ್ನು ತೆಗೆದುಕೊಂಡ ರೋಗಿಯೊಬ್ಬನ ಮೈಗ್ರೇನ್ ಕಡಿಮೆಯಾದದ್ದನ್ನು 1966ರಲ್ಲಿ ವೈದ್ಯರು ವರದಿ ಮಾಡಿದರು. ಆದರೆ ದಮ್ಮು ಇರುವವರಿಗೆ ಅದು ಅಪಾಯ. ನೂಲಿನ ದೂಳು ಕುಡಿದು ಉಸಿರಿನ ತೊಂದರೆ ಹತ್ತಿಸಿಕೊಂಡ ನೇಕಾರರು ಡಾಕ್ಟರಿಗೆ ಮೊದಲೇ ಹೇಳಬೇಕು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್‌ಪ್ರೊಯೇಟ್ ಎಂಬ ಇನ್ನೊಂದು ತಡೆಯುವ ಔಷಧ ಸಲ್ಲದು, ಔರಾ ಇರುವವರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಗಿ ಸಲ್ಲದು.

ಔಷಧದ ಜೊತೆ ಯೋಗವನ್ನೂ ಮಾಡಿದವರಿಗೆ ಬರೀ ಔಷಧ ತೆಗೆದುಕೊಂಡವರಿಗಿಂತ ಹೆಚ್ಚು ಗುಣ ಕಂಡಿತೆಂದು ದೆಹಲಿಯ ಏಮ್ಸ್ 2020ರಲ್ಲಿ ವರದಿ ಮಾಡಿದೆ. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ ಇದರಷ್ಟೇ ಮುಖ್ಯ, ಆದರೆ ಪಾಳಿಯಲ್ಲಿ ದುಡಿಯುವವರಿಗೆ ಅದು ಅವರ ಕೈಯಲ್ಲಷ್ಟೇ ಇಲ್ಲ. ಪಾಳಿಯನ್ನು ದಿನಕ್ಕೊಂದರಂತೆ ಬದಲಿಸದೆ ಇರುವುದು ಮಾಲೀಕರು ಮಾಡಬಹುದಾದ ಕೆಲಸ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಶುರುಮಾಡಿದ ಮಿದುಳು ಆರೋಗ್ಯ ಯೋಜನೆಯಲ್ಲಿ ಲಕ್ವ, ಮೂರ್ಛೆ, ಮರೆವಿನ ಕಾಯಿಲೆಗಳ ಸಾಲಿನಲ್ಲಿ ತಲೆನೋವೂ ಸೇರಿದೆ. ಅದರ ತರಬೇತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರವರೆಗೆ ಗಟ್ಟಿಯಾಗಿ ತಲುಪಿದರೆ ಮಿರಜದ ಎಷ್ಟೋ ಓಡಾಟ ತಪ್ಪುತ್ತದೆ.

ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ ಎಂಬುದನ್ನೂ ಮನೆಯವರು ತಿಳಿದಿರಬೇಕು. ಹಿಂದೆಂದೂ ಇಲ್ಲದಷ್ಟು ಜೋರಾಗಿ ಒಮ್ಮೆಲೇ ಎರಗಿದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್, 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವು, ಬಸುರಿ-ಬಾಣಂತಿಯರಿಗೆ ಹೊಸದಾಗಿ ಬಂದ ತಲೆನೋವು. ಇವುಗಳಲ್ಲಿ ಯಾವುದು ಕಂಡರೂ ಗುಳಗಿ ನುಂಗಿಸಿ ಮಲಗಿಸದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು.