ಗಯಾ ಲಾಲ್‌ರಿಂದ ಪೊವೈ ಹೋಟೆಲಿನವರೆಗೆ

2019ರ ಜುಲೈ ತಿಂಗಳನ್ನು ಮುಂಬೈಯ ಕನ್ನಡಿಗರು ಮರೆತಿರಲಾರರು. ಪೊವೈಯ ಹೋಟೆಲಿನೊಳಗೆ ಕರ್ನಾಟಕದ ಶಾಸಕರು, ಹೊರಗೆ ಗೇಟಿನ ಹತ್ತಿರ ಡಿ.ಕೆ. ಶಿವಕುಮಾರ್, ನಡುವೆ ಪೊಲೀಸರು. ಪಕ್ಷಾಂತರ ನಿಷೇಧ ಕಾಯ್ದೆ ಅಂತ ಒಂದಿದೆಯಲ್ಲ, ಮತ್ತೆ ಇದು ಹೇಗಾಯ್ತು ಎಂದು ನೀವೂ ಕೇಳಿರುತ್ತೀರಿ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಎರಡು ವಾರದೊಳಗೆ ಮೂರು ಸಲ ಪಕ್ಷ ಬದಲಿಸಿದರು. ‘ಆಯಾ ರಾಮ್, ಗಯಾ ರಾಮ್’ ಎಂಬ ಮಾತು ಹುಟ್ಟಿದ್ದು ಆಗಲೇ. ಪಾಪ, ಹೆಸರು ಕೆಟ್ಟದ್ದು ಅವರೊಬ್ಬರದು. ಹಾರಿದವರು ನೂರಾರು ಮಂದಿ. ವೈ.ಬಿ. ಚವಾಣ್ ಸಮಿತಿ ಲೆಕ್ಕ ತೆಗೆದಾಗ, ರಾಜ್ಯಗಳ 210 ಪಕ್ಷಾಂತರಿ ಶಾಸಕರಲ್ಲಿ 116 ಮಂದಿಗೆ ಮಂತ್ರಿಗಿರಿ ಸಿಕ್ಕಿತ್ತು. ತತ್ವ, ಸಿದ್ಧಾಂತದ ಮಾತೆಲ್ಲ ಬಿಡಿ, ಈ ಅಂಕಿಯೊಂದನ್ನು ನೋಡಿ ಸಾಕು.

ಆದರೂ ಕಾಯ್ದೆ ಬರಲು 1985 ಆಗಬೇಕಾಯ್ತು. ರಾಜೀವ್ ಗಾಂಧಿ ಸರ್ಕಾರ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿತು. ತಾನಾಗಿ ಪಕ್ಷ ಬಿಟ್ಟರೆ, ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಮನಸ್ಸಾಕ್ಷಿಗಾಗಿ ಮೀರಿದವನಿಗೂ ಅದೇ ಶಿಕ್ಷೆ, ಹಣಕ್ಕಾಗಿ ಮೀರಿದವನಿಗೂ ಅದೇ. ಇದು ನನಗೆ ಇಂದಿಗೂ ಸರಿ ಕಾಣುವುದಿಲ್ಲ. ಜೊತೆಗೇ ಒಂದು ಕಿಂಡಿಯನ್ನೂ ಬಿಟ್ಟಿದ್ದರು: ಮೂರನೇ ಒಂದು ಭಾಗ ಸದಸ್ಯರು ಒಟ್ಟಿಗೆ ಹೊರಬಂದರೆ ಅದು ಪಕ್ಷಾಂತರವಲ್ಲ, ‘ವಿಭಜನೆ’. ಒಬ್ಬನೇ ಹೋದರೆ ದ್ರೋಹಿ, ಗುಂಪಾಗಿ ಹೋದರೆ ಸಂಭಾವಿತ! 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸಂಪುಟದಲ್ಲಿ ಮಂತ್ರಿಗಳೇ 93. 2003ರ 91ನೇ ತಿದ್ದುಪಡಿ ಈ ಕಿಂಡಿಯನ್ನು ಮುಚ್ಚಿತು, ಸಂಪುಟಕ್ಕೆ ಶೇ. 15ರ ಮಿತಿ ಹಾಕಿತು, ಅನರ್ಹನಾದವನು ಮತ್ತೆ ಚುನಾಯಿತನಾಗುವವರೆಗೆ ಮಂತ್ರಿಯಾಗುವಂತಿಲ್ಲ ಎಂದಿತು.

‘ಮತ್ತೆ ಚುನಾಯಿತನಾಗುವವರೆಗೆ’ ಎಂಬ ಮಾತನ್ನು ನಮ್ಮವರು ಚೆನ್ನಾಗಿ ಓದಿಕೊಂಡರು. ಪಕ್ಷ ಬಿಡಬೇಡ, ಶಾಸಕ ಸ್ಥಾನಕ್ಕೇ ರಾಜೀನಾಮೆ ಕೊಡು, ಹೊಸ ಚಿಹ್ನೆಯಲ್ಲಿ ಮತ್ತೆ ನಿಲ್ಲು. 2008ರ ‘ಆಪರೇಷನ್ ಕಮಲ’ ಇದೇ. 2019ರಲ್ಲಿ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಸ್ಪರ್ಧೆಗಿದ್ದ ತಡೆಯನ್ನು ತೆಗೆಯಿತು. ಡಿಸೆಂಬರ್ ಉಪಚುನಾವಣೆಗೆ ನಿಂತ 13 ಅನರ್ಹರಲ್ಲಿ 11 ಮಂದಿ ಗೆದ್ದರು. ಗೆಲ್ಲಿಸಿದ್ದು ಜನರೇ, ಅದನ್ನು ಮುಚ್ಚಿಟ್ಟು ಬರೆಯೋದು ಬೇಡ. ಅವರಲ್ಲಿ 10 ಮಂದಿ 2020ರ ಫೆಬ್ರವರಿಯಲ್ಲಿ ಮಂತ್ರಿಗಳಾದರು.

ಸೋತವರಲ್ಲಿ ಎಚ್. ವಿಶ್ವನಾಥ್ ನಾಮನಿರ್ದೇಶನದಿಂದ ವಿಧಾನ ಪರಿಷತ್ತಿಗೆ ಬಂದರು. ನಾಮನಿರ್ದೇಶನ ಚುನಾವಣೆಯಲ್ಲ, ಮಂತ್ರಿಯಾಗುವಂತಿಲ್ಲ ಎಂದಿತು ಕೋರ್ಟು. ಅಷ್ಟೆಲ್ಲ ಗದ್ದಲದಲ್ಲಿ ಮಂತ್ರಿಗಿರಿಯ ಬಾಗಿಲಲ್ಲಿ ಕಾಯ್ದೆ ತಡೆದು ನಿಲ್ಲಿಸಿದ್ದು ಅವರನ್ನು.